ಅಯ್ಯನವರಿಗೊಂದು ಸೈಕಲ್ಲು

ಈ ಸಂಗತಿಯನ್ನು ಮೊದಲು ಹೇಳಿದವರು ಹಾಗಲವಾಡಿಯ ಸುಬ್ಬಲಕ್ಷ್ಮಮ್ಮ. ಹೋದ ವರ್ಷದ ಕಾರ್ತೀಕದಲ್ಲಿ, ಬಿಸಿಲು ಇಳಿಯುವ ಹೊತ್ತಿಗೆ, ತಮ್ಮ ಮನೆಯ ಜಗಲಿಯ ಮೇಲೆ. ಅಟ್ಟದಿಂದ ಇಳಿಸಿದ ಒಣಗಾಯಿಗಳ ಚಿಪ್ಪು ಬಿಡಿಸಿ ಕೊಬ್ಬರಿ ತೆಗೆಯಲು ಕೇರಿಯ ನಾಲ್ಕಾರು ಹೆಂಗಸರು ಅಲ್ಲಿ ಕೂಡಿದ್ದರು. ಎದುರು ಮನೆಯ ಸಿದ್ದಾರ್ಥನ ಮನಸ್ಸಿನ ಮಾತು ಆಕೆಗೆ ತಿಳಿದದ್ದು ಗಂಡ ಚಿಕ್ಕರಂಗಯ್ಯನಿಂದ. ಚಿಕ್ಕರಂಗಯ್ಯನ ಮುಂದೆ ಸಿದ್ದಾರ್ಥನೇ ಒಮ್ಮೆ ಎಲ್ಲವನ್ನೂ ಹೇಳಿಕೊಂಡಿದ್ದನಂತೆ. ಸುಬ್ಬಲಕ್ಷ್ಮಮ್ಮ ಕಥೆಯನ್ನು ಮೊದಲಿನಿಂದ ಹೇಳಲಿಲ್ಲ. ಒಂದು ನಗುವಿನಿಂದ ಶುರುಮಾಡಿದರು.

ಆ ನಗು ಕೇಳಿದಾಗ ಸಿದ್ದಾರ್ಥ ಮೊಣಕಾಲೂರಿ ಕುಳಿತು ಅಯ್ಯನವರ ಪಾದ ತೊಳೆಯುತ್ತಿದ್ದ. ಅವತ್ತು ಅವನ ಮಗಳಿಗೆ ಲಿಂಗ ಕಟ್ಟಿ ಹೆಸರಿಡುವ ದಿನ. ಬಾಣಂತನ ಮುಗಿಸಿದ ಹೆಂಡತಿ ಭೂಮಿಕಾಳನ್ನೂ ಕೂಸನ್ನೂ ಅವಳ ತವರಿನವರು ಕುಣಿಗಲ್ ಸೀಮೆಯ ಕೊತ್ತಗೆರೆಯಿಂದ ಕರೆತಂದಿದ್ದರು. ನಡುಮನೆಯ ತುಂಬ ನೆಂಟರು. ಮಧ್ಯದಲ್ಲಿ ಬಿಳಿಯ ಹಾಸು ಹೊದಿಸಿದ ಕುರ್ಚಿ. ಕುರ್ಚಿಯ ಮೇಲೆ ಚನ್ನಬಸವಯ್ಯನವರು, ಊರಿಗೆಲ್ಲ ಅಯ್ಯನವರು, ಕಣ್ಣು ಅರೆಮುಚ್ಚಿ ಕುಳಿತಿದ್ದರು. ಹಿತ್ತಾಳೆಯ ಪರಾತದಲ್ಲಿ ಅವರ ಪಾದಗಳಿದ್ದವು. ಹಣೆಯಲ್ಲಿ ವಿಭೂತಿ, ತಲೆಗೆ ಬಿಳಿಯ ರುಮಾಲು, ಬಿಳಿಯ ಜುಬ್ಬ, ಬಿಳಿಯ ಪಂಚೆ. ಸಿದ್ದಾರ್ಥನ ಕಣ್ಣಿಗೆ ಎಲ್ಲವೂ ಬೆಳ್ಳಗೆ ಕಾಣುತ್ತಿತ್ತು.

ಹಿಂದುಗಡೆಯಿಂದ ಮೊದಲು ಒಂದು ಬಿಕ್ಕಳಿಕೆಯಂಥ ಸದ್ದು ಬಂತು. ಯಾರೋ ಸೆರಗು ಬಾಯಿಗೊತ್ತಿಕೊಂಡರು. ಆಮೇಲೆ ನಾದಿನಿ ಪಲ್ಲವಿಯ ಗಂಟಲಿನಿಂದ ತಡೆಯಲಾರದ ನಗುವೊಂದು ಚಿಮ್ಮಿ, ಅಷ್ಟೇ ಬೇಗ ಕೆಮ್ಮಾಯಿತು. ಸಿದ್ದಾರ್ಥ ತನ್ನ ಪಂಚೆಯೇ ಸಡಿಲವಾಯಿತೇನೋ ಎಂದು ಸೊಂಟ ಮುಟ್ಟಿ ನೋಡಿಕೊಂಡ. ಗಂಟು ಭದ್ರವಾಗಿತ್ತು. ತಲೆಯೆತ್ತಿದರೆ ತಾಯಿ ಶಿವರುದ್ರಮ್ಮ ನೆಲ ನೋಡುತ್ತಿದ್ದರು.

ಇಷ್ಟು ಹೇಳಿ ಸುಬ್ಬಲಕ್ಷ್ಮಮ್ಮ ಕಥೆಯನ್ನು ಹಿಂದಕ್ಕೆ, ಅದೇ ವರ್ಷದ ಬೇಸಗೆಗೆ ಕೊಂಡೊಯ್ದರು.

ಹಾಗಲವಾಡಿಯ ಸುತ್ತಲಿನ ಊರುಗಳಲ್ಲಿ ಹುಟ್ಟಿದ ಕೂಸಿಗೆ ಲಿಂಗ ಕಟ್ಟುವುದರಿಂದ ಹಿಡಿದು ಸತ್ತವರನ್ನು ಸಮಾಧಿ ಮಾಡುವವರೆಗೆ ಎಲ್ಲ ಕಾರ್ಯಕ್ಕೂ ಅಯ್ಯನವರೇ ಬರಬೇಕು. ಅವರು ಬರುತ್ತಿದ್ದದ್ದು ಸೈಕಲ್ಲಿನ ಮೇಲೆ. ಹೆಗಲಲ್ಲಿ ಜೋಳಿಗೆ, ಹಿಂದಿನ ಕ್ಯಾರಿಯರಿನಲ್ಲಿ ಪೂಜೆಯ ಗಂಟು. ಅವರ ದಾರಿ ಅರ್ಧ ಡಾಂಬರು. ಉಳಿದದ್ದು ಕೆರೆಯ ಏರಿ, ತೆಂಗಿನ ತೋಟದ ನಡುವಿನ ಗಾಡಿಜಾಡು, ರಾಗಿ ಹೊಲದ ಬದು. ಆ ಬೇಸಗೆಯಲ್ಲಿ ಏರಿಯ ಮೇಲೆ ಹೋಗುವಾಗ ಅವರ ಹಳೆಯ ಸೈಕಲ್ಲು ಸೀಟಿನ ಕೆಳಗೆ ಮುರಿದು ಎರಡು ತುಂಡಾಯಿತು. ಬೆಸುಗೆ ಹಾಕುವವನು ಇದು ಇನ್ನು ಆಗುವುದಿಲ್ಲವೆಂದು ಕೈಯಾಡಿಸಿದ. ಭಕ್ತರ ಮನೆಗಳವರು ಸೇರಿ ಹೊಸತೊಂದು ಕೊಡಿಸುವುದೆಂದು ಮಾತಾಯಿತು. ಆರಿಸುವ ಕೆಲಸ ಸಿದ್ದಾರ್ಥನ ಪಾಲಿಗೆ ಬಂತು. ಅವನು ತುಮಕೂರಿನ ಕಾಲೇಜೊಂದರ ಕಚೇರಿಯಲ್ಲಿ ನೌಕರಿಯಲ್ಲಿದ್ದು, ಉಪ್ಪಾರಹಳ್ಳಿಯಲ್ಲಿ ಮನೆ ಮಾಡಿದ್ದ. ಭಾನುವಾರ ಬೆಳಗ್ಗೆ ಗೆಳೆಯರ ಜೊತೆ ದೇವರಾಯನದುರ್ಗದವರೆಗೆ ಸೈಕಲ್ಲು ತುಳಿಯುವವನೆಂದೂ ಸೈಕಲ್ಲಿನ ಒಳಗುಟ್ಟೆಲ್ಲ ಬಲ್ಲವನೆಂದೂ ಊರಲ್ಲಿ ಹೆಸರಿತ್ತು.

ಆ ಹೆಸರು ಸುಳ್ಳಲ್ಲ. ಕೆಸರು ದಾರಿಯಲ್ಲಿ ದಿನಾ ಓಡಾಡುವವರಿಗೆ ಮುಂದಿನ ಚಕ್ರ ಹಿಡಿದಿರುವ ಫೋರ್ಕು ಗಟ್ಟಿಯಾಗಿರಬೇಕು, ಕುಲುಕು ತಡೆಯುವ ಸ್ಪ್ರಿಂಗಿನ ಶಾಕು ಬೇಡ. ಟೈರು ತುಸು ದಪ್ಪಗಿರಲಿ. ಟೈರಿಗೂ ಚೌಕಟ್ಟಿಗೂ ನಡುವೆ ಉದ್ದನೆಯ ಮಡ್ಗಾರ್ಡು ಕೂರುವಷ್ಟು ಜಾಗವಿರಲೇಬೇಕು ಎಂದು ಅವನೇ ತನ್ನ ಗೆಳೆಯರಿಗೆ ಎಷ್ಟೋ ಸಲ ಹೇಳಿದ್ದ. ಅಂಗಡಿಗೆ ಹೋಗುವಾಗಲೂ ಮನಸ್ಸಿನಲ್ಲಿ ಇದ್ದದ್ದು ಅದೇ. ಅಯ್ಯನವರನ್ನೂ ಕರೆದುಕೊಂಡು ಗುಬ್ಬಿಯ ಮೇಲೆ ಬಸ್ಸಿನಲ್ಲಿ ತುಮಕೂರಿಗೆ ಬಂದ.

ಅಂಗಡಿಯ ಯಜಮಾನ ಗೋವಿಂದರಾಜು ಅಯ್ಯನವರಿಗೆ ಸ್ಟೂಲು ಹಾಕಿ ಕೂರಿಸಿ, ಬೂದು ಬಣ್ಣದ ಸೈಕಲ್ಲೊಂದನ್ನು ಹೊರಗೆಳೆದ. "ಸಾರ್, ಹೊಲದ ದಾರಿ, ರೋಡು ಎರಡೂ ಅಂದ್ರಲ್ಲ, ಇದು ನೋಡಿ. ಶಾಕಿಲ್ಲ, ಹಂಗಾಗಿ ಕೆಟ್ಟೋಗೋಕೂ ಏನಿಲ್ಲ. ಮುಂದೆ ಹಿಂದೆ ಫುಲ್ ಮಡ್ಗಾರ್ಡ್ ಕೂರುತ್ತೆ. ಕ್ಯಾರಿಯರ್ ಹಾಕ್ಕೊಡ್ತೀನಿ. ಅಯ್ನೋರು ಪಂಚೆ ಉಟ್ಕೊಂಡು ಆರಾಮಾಗಿ ಹೋಗ್ಬೋದು."

ಸಿದ್ದಾರ್ಥ ಅದರ ಹ್ಯಾಂಡಲ್ಲು ಹಿಡಿದು ನೋಡಿದ. ಹುಡುಕಿಕೊಂಡು ಬಂದದ್ದು ಅದೇ. ಆದರೆ ಮಡ್ಗಾರ್ಡು, ಕ್ಯಾರಿಯರು ಹಾಕಿದ ಮೇಲೆ ಅದು ಮುರಿದ ಹಳೆಯ ಸೈಕಲ್ಲಿನ ತಮ್ಮನ ಹಾಗೆ ಕಾಣುತ್ತದೆಂಬುದು ಅವನಿಗೆ ಆಗಲೇ ಹೊಳೆಯಿತು. ಊರಿನ ಹಿರಿಯ ಮರುಳಪ್ಪನ ದನಿ ಕಿವಿಯಲ್ಲೇ ಕೇಳಿದಂತಾಯಿತು: "ಇದನ್ನ ತರಾಕೆ ತುಮಕೂರ್‌ಗಂಟ ಹೋಗಿದ್ಯೇನ್ಲಾ? ಗುಬ್ಬೀಲೇ ಸಿಕ್ತಿತ್ತಲ್ಲೋ!"

ಪಕ್ಕದಲ್ಲೇ ಮತ್ತೊಂದು ನಿಂತಿತ್ತು. ಕಡುಗೆಂಪು ಬಣ್ಣ, ತೊಡೆಯಷ್ಟು ದಪ್ಪದ ಶಾಕಿನ ಫೋರ್ಕು, ಹೊಳೆಯುವ ಡಿಸ್ಕು ಬ್ರೇಕು, ಹಲ್ಲುಹಲ್ಲಾದ ಟೈರು. ಮಡ್ಗಾರ್ಡು ಬಿಗಿಯಲು ಒಂದು ತೂತೂ ಇರಲಿಲ್ಲ. ಸಿದ್ದಾರ್ಥನ ಕೈ ತಾನಾಗಿ ಅದರ ಮೇಲೆ ಹೋಯಿತು.

ಅಯ್ಯನವರು ಎದ್ದು ಬಂದು ಹಿಂದಿನ ಟೈರಿನ ಮೇಲಿನ ಬರಿಗಾಳಿಯನ್ನು ಅಂಗೈಯಿಂದ ಸವರಿದರು. "ಇದಕ್ಕೆ ಮಡ್ಗಾರ್ಡಿಲ್ವಲ್ಲಪ್ಪ. ಮಳೆಗಾಲದಲ್ಲಿ ಏರಿ ಮೇಲೆ ಹೋದ್ರೆ ಕೆಸರು?"

"ಈಗಿನ ಸೈಕಲ್‌ಗೆ ಯಾರೂ ಹಾಕಲ್ಲ ಅಯ್ನೋರೇ," ಎಂದ ಸಿದ್ದಾರ್ಥ. "ಈ ಟೈರು ಕೆಸರನ್ನ ಮೇಲಕ್ಕೆ ಹಾರಿಸೋದೇ ಇಲ್ಲ. ಹಂಗೇ ಮಾಡಿರ್ತಾರೆ."

ಗೋವಿಂದರಾಜು ಏನೋ ಹೇಳಲು ಬಾಯಿ ತೆರೆದ. ಸಿದ್ದಾರ್ಥನ ಮುಖ ನೋಡಿ ಮುಚ್ಚಿದ.

"ನೀನು ಹೇಳಿದ ಮೇಲೆ ಸರಿ ಕಣಪ್ಪ," ಎಂದರು ಅಯ್ಯನವರು. "ಚೆನ್ನಾಗೈತೆ."

ಸಿದ್ದಾರ್ಥ ಎಣಿಸಿದ ಹಾಗೆಯೇ ಊರಿನಲ್ಲಿ ಎಲ್ಲವೂ ನಡೆಯಿತು. ಅಯ್ಯನವರು ಇದ್ದ ಮಠದ ಮನೆಯ ಮುಂದೆ ಸೈಕಲ್ಲಿಗೆ ವಿಭೂತಿ ಬಳಿದು, ಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟರು. ಮರುಳಪ್ಪ ಹ್ಯಾಂಡಲ್ಲಿನ ಮೇಲೆ ಭಾರ ಹಾಕಿ ಫೋರ್ಕನ್ನು ಕೆಳಕ್ಕೊತ್ತಿದ. ಅದು ಅವನನ್ನು ಮೇಲಕ್ಕೆ ಚಿಮ್ಮಿಸಿತು. "ಅಯ್ಯೋ ಶಿವನೇ, ಆಡಿನ ಮರಿ ಹಂಗೆ ಕುಣೀತೈತಲ್ಲೋ! ಸಿದ್ದಾರ್ಥ ಹೋಗಿದ್ದಕ್ಕೂ ಸಾರ್ಥಕ ಆತು ಬುಡು," ಎಂದ. ಸುತ್ತ ನಿಂತವರು ನಕ್ಕರು. ಸಿದ್ದಾರ್ಥ ಅಯ್ಯನವರನ್ನು ಸೈಕಲ್ಲಿನ ಪಕ್ಕ ನಿಲ್ಲಿಸಿ ಫೋಟೋ ತೆಗೆದು ಮೊಬೈಲಿನ ಸ್ಟೇಟಸ್ಸಿಗೆ ಹಾಕಿದ. ಅದನ್ನು ಕೊತ್ತಗೆರೆಯಲ್ಲೂ ನೋಡಿದರು.

ಬೇಸಗೆ ಕಳೆಯುವವರೆಗೆ ಸೈಕಲ್ಲು ಚೆನ್ನಾಗಿಯೇ ಓಡಿತು. ಮುಂಗಾರು ಕೈಕೊಟ್ಟ ಆ ವರ್ಷ ಮಳೆ ಹಿಡಿದದ್ದು ಭಾದ್ರಪದದಲ್ಲಿ, ಕೂಸಿಗೆ ಲಿಂಗ ಕಟ್ಟುವ ದಿನದ ಮುಂಜಾವಿಗೆ.

ಅವತ್ತು ಅಯ್ಯನವರು ಬೇರೊಂದು ಊರಿನ ಕಾರ್ಯ ಮುಗಿಸಿ, ಕೆರೆಯ ಏರಿಯ ಮೇಲೆ ಹಸಿ ಜೇಡಿಮಣ್ಣಿನಲ್ಲಿ ಸೈಕಲ್ಲು ತುಳಿದು ಬಂದಿದ್ದರು. ಹಿಂದಿನ ಚಕ್ರ ಎತ್ತಿ ಎಸೆದ ಕೆಸರು ಪಂಚೆಯ ಹಿಂಭಾಗದಿಂದ ಹಿಡಿದು ಬೆನ್ನಿನ ನಟ್ಟನಡುವೆ ಅಂಗೈಯಗಲದ ಕಂದು ಪಟ್ಟೆಯಾಗಿ ಹತ್ತಿ, ರುಮಾಲಿನವರೆಗೆ ಸಿಡಿದಿತ್ತು. ಬಾಗಿಲಲ್ಲಿ ಎದುರುಗೊಂಡ ಸಿದ್ದಾರ್ಥ ನೀರಿನ ಚೊಂಬು ಹಿಡಿದು ಮುಂದೆ ಮುಂದೆ ನಡೆದ. ಹಿಂದೆ ಏನಿದೆಯೆಂಬುದು ಅವನಿಗೆ ತಿಳಿಯಲಿಲ್ಲ. ನಡುಮನೆಯ ಎರಡು ಬದಿಗೂ ಎದ್ದು ನಿಂತಿದ್ದ ನೆಂಟರಿಗೆ ತಿಳಿಯಿತು. ಆದರೆ ಪಾದಪೂಜೆಗೆ ಬಂದ ಅಯ್ಯನವರನ್ನು ತಡೆದು, ನಿಮ್ಮ ಬೆನ್ನು ಕೆಸರಾಗಿದೆ ಎಂದು ಹೇಳುವ ಬಾಯಿ ಯಾರಿಗಿತ್ತು? ಹೆಂಗಸರು ನೆಲ ನೋಡಿದರು, ಗಂಡಸರು ತೊಲೆ ನೋಡಿದರು, ಹುಡುಗಿಯರು ನಕ್ಕರು.

ಲಿಂಗ ಕಟ್ಟಿದ್ದಾಯಿತು. ಕೂಸಿನ ಕಿವಿಯಲ್ಲಿ ಚೈತನ್ಯ ಎಂದು ಹೆಸರು ಹೇಳಿದ್ದಾಯಿತು. ಅಯ್ಯನವರು ಪ್ರಸಾದಕ್ಕೆಂದು ಎದ್ದು ತಿರುಗಿದಾಗ ಕುರ್ಚಿಯ ಬಿಳಿಯ ಹಾಸಿನ ಮೇಲೆ ಅವರ ಬೆನ್ನಿನ ಅಚ್ಚು ಮೂಡಿತ್ತು. ಅವರು ಅದನ್ನು ನೋಡಿದರು. ಸಿದ್ದಾರ್ಥನೂ ಆಗಲೇ ನೋಡಿದ. ಅಯ್ಯನವರು ಅವಸರ ಮಾಡಲಿಲ್ಲ. ಹಾಸನ್ನು ಎರಡೂ ಕೈಯಿಂದ ತೆಗೆದು, ಕೆಸರು ಒಳಗಾಗುವಂತೆ ಮಡಿಚಿ, ಮತ್ತೆ ಮಡಿಚಿ, ಕುರ್ಚಿಯ ಮೇಲಿಟ್ಟರು. ಊಟಕ್ಕೆ ಗೋಡೆಗೆ ಬೆನ್ನು ಕೊಟ್ಟು ಕುಳಿತರು. ಹೊರಡುವಾಗ ಎಲ್ಲರ ಕಡೆಗೂ ಮುಖ ಮಾಡಿ, ಬಲಗೈಯೆತ್ತಿ ಹರಸುತ್ತ, ಒಂದೊಂದೇ ಹೆಜ್ಜೆ ಹಿಂದಿಟ್ಟು, ಹೊಸ್ತಿಲನ್ನು ಕಾಲಿನಿಂದ ತಡವಿಕೊಂಡು ಹೊರಗಿಳಿದರು. ಕೊತ್ತಗೆರೆಯ ಹಿರಿಯರೊಬ್ಬರು ಅದನ್ನು ಕಂಡು ಕೈಮುಗಿದು, "ಎಂಥಾ ವಿನಯ!" ಎಂದರು.

ಅಂಗಳಕ್ಕೆ ಹೋಗಿದ್ದ ಪಲ್ಲವಿ ಸೈಕಲ್ಲು ನೋಡಿ ಬಂದಳು. "ಭಾವ, ಸ್ಟೇಟಸ್‌ಗೆ ಹಾಕಿದ್ರಲ್ಲ, ಇದೇನಾ? ಹಿಂದ್ಗಡೆಯಿಂದಾನೂ ಒಂದ್ ಫೋಟೋ ತೆಗೀಬೇಕಿತ್ತು ನೀವು."

"ಸುಮ್ನಿರೇ," ಎಂದು ಭೂಮಿಕಾ ತಂಗಿಯನ್ನು ಗದರಿ, ಗಂಡನ ಕಡೆ ತಿರುಗಿದಳು. "ಅಲ್ಲಾರೀ, ನೀವೇ ನಮ್ಮಣ್ಣಂಗೆ ಮಡ್ಗಾರ್ಡ್ ಇಲ್ದಿರೋ ಸೈಕಲ್ ತಗೋಬೇಡ ಅಂತ ಹೇಳಿದ್ರಲ್ಲ. ಅಯ್ನೋರ್‌ಗೆ ಯಾಕ್ ಹಿಂಗ್ ಮಾಡಿದ್ರಿ?"

ಸಿದ್ದಾರ್ಥ ತಾಯಿಯ ಮೇಲೆ ರೇಗಿದ. "ನೀನಾದ್ರೂ ನಂಗೆ ಹೇಳ್ಬಾರ್ದಿತ್ತೇನವ್ವ?"

"ಏನಂತ ಹೇಳ್ಲಿ?" ಶಿವರುದ್ರಮ್ಮ ಹಾಸನ್ನು ಬಕೆಟ್ಟಿನಲ್ಲಿ ಅದ್ದುತ್ತ ಹೇಳಿದರು. "ನೀನು ಪಾದ ಹಿಡ್ಕಂಡಿದ್ದೆ. ಬೆನ್ನು ನೋಡು ಅನ್ಲಾ?"

ಮುಂದಿನ ವಾರ ಅವನು ತುಮಕೂರಿನಿಂದ ಪ್ಲಾಸ್ಟಿಕ್ಕಿನ ಗಿಡ್ಡ ಮಡ್ಗಾರ್ಡೊಂದನ್ನು ತಂದು, ಸೀಟಿನ ಕಂಬಕ್ಕೆ ಕಚ್ಚಿಸಿ, "ಇದು ಹೊಸದಾಗಿ ಬಂದೈತೆ ಅಯ್ನೋರೇ," ಎಂದ. ಮತ್ತೆ ಸುಳ್ಳೇ. ಏರಿಯ ಜೇಡಿ ಅದರ ಅಡಿಯಲ್ಲಿ ಮೆತ್ತಿಕೊಂಡು ಚಕ್ರವೇ ನಿಲ್ಲುವಂತಾಯಿತು. ಎರಡನೆಯ ಮಳೆಗೆ ಅದು ಮುರಿದು ಯಾರದೋ ಹೊಲದಲ್ಲಿ ಬಿತ್ತು. ಹೇಗಿದೆಯೆಂದು ಕೇಳಿದಾಗಲೆಲ್ಲ ಅಯ್ಯನವರು, "ಚೆನ್ನಾಗೈತೆ ಕಣಪ್ಪ," ಎನ್ನುತ್ತಿದ್ದರು. ವಿಚಿತ್ರವೆಂದರೆ, ಆಮೇಲೆ ಯಾವ ಮನೆಯಲ್ಲೂ ಅವರ ಬೆನ್ನಿನ ಮೇಲೆ ಕೆಸರು ಕಾಣಲಿಲ್ಲ. ಪಂಚೆ ಮಾತ್ರ ಸದಾ ಒದ್ದೆ. ಮಡಿಯೆಂದು ಜನ ತಿಳಿದರು. ಸಿದ್ದಾರ್ಥನೂ ಹಾಗೆಂದೇ ನಂಬಲು ನೋಡಿದ.

ನಂಬಲು ಬಿಡದವನು ಚಿಕ್ಕರಂಗಯ್ಯ. ಒಂದು ಭಾನುವಾರ ತೋಟದಿಂದ ಬರುವಾಗ, ಊರಿಗೆ ಬಂದು ಜಗಲಿಯ ಮೇಲೆ ಕುಳಿತಿದ್ದ ಸಿದ್ದಾರ್ಥನನ್ನು ಕಂಡು ನಿಂತ. "ಏನ್ಲಾ ಸಿದ್ದಾರ್ಥ, ಅದೆಂಥಾ ಸೈಕಲ್ ಕೊಡ್ಸಿದ್ಯೋ ಅಯ್ನೋರ್‌ಗೆ?"

"ಯಾಕೆ ಚಿಕ್ಕರಂಗಣ್ಣ?"

"ಯಾಕೆ ಅಂತೀಯಲ್ಲ. ಹೋಗ್ ನೋಡು, ನಮ್ ಪಂಪ್‌ಸೆಟ್ ತಾವ ಅವ್ರೆ. ಮಳೆ ಬಂದ್ ದಿನಾ ಅಲ್ಲೇ ಅವ್ರ ಮಡಿವಾಳ್ತನ. ನಾನ್ ಕಂಡ್ರೆ ನಾಚ್ಕಂತಾರೆ ಅಂತ ನಾನೇ ಸುತ್ಕಂಡ್ ಬತ್ತೀನಿ, ನಂದೇ ತೋಟದಾಗೆ!"

ಸಿದ್ದಾರ್ಥ ಹೋದ. ತೆಂಗಿನ ಮರಗಳ ನಡುವೆ, ಪಂಪ್‌ಸೆಟ್ಟಿನ ಕೋಣೆಯ ಹಿಂದೆ, ಅಯ್ಯನವರು ಸೊಂಟಕ್ಕೊಂದು ತುಂಡು ಟವೆಲು ಸುತ್ತಿಕೊಂಡು ಕಲ್ಲಿನ ಮೇಲೆ ಜುಬ್ಬ ಉಜ್ಜುತ್ತಿದ್ದರು. ಎದೆಯ ಮೇಲೆ ಲಿಂಗದ ಕರಡಿಗೆ ತೂಗುತ್ತಿತ್ತು. ಕೆಂಪು ಸೈಕಲ್ಲು ಮರಕ್ಕೊರಗಿತ್ತು. ಊರಿನವರ ತಲೆಯೆಲ್ಲ ಬಾಗುವ ಆ ಮೈಯನ್ನು ಹಾಗೆ, ಮುದುರಿಕೊಂಡು, ಸಣ್ಣದಾಗಿ ಸಿದ್ದಾರ್ಥ ಎಂದೂ ಕಂಡಿರಲಿಲ್ಲ. ಹಿಂದಕ್ಕೆ ಸರಿಯುವಷ್ಟರಲ್ಲಿ ಕಾಲ ಕೆಳಗೆ ಒಣಗರಿ ಮುರಿಯಿತು.

ಅಯ್ಯನವರು ತಲೆಯೆತ್ತಿದರು. ಒದ್ದೆ ಜುಬ್ಬವನ್ನು ಎದೆಗವಚಿಕೊಂಡರು. "ಆ ಕಡೆ ತಿರುಗ್ಕೊಳಪ್ಪ," ಎಂದರು ಮೆಲ್ಲಗೆ.

ಸಿದ್ದಾರ್ಥ ಒಂದು ತೆಂಗಿನ ಮರಕ್ಕೆ ಮುಖ ಮಾಡಿ ನಿಂತ. ಬೆನ್ನ ಹಿಂದೆ ಬಟ್ಟೆ ಹಿಂಡುವ ನೀರು ಕಲ್ಲಿನ ಮೇಲೆ ಬೀಳುತ್ತಿತ್ತು. ಮುಖ ಕಾಣದ್ದರಿಂದಲೋ ಏನೋ ಅವನ ಬಾಯಿ ತೆರೆಯಿತು. "ಅಯ್ನೋರೇ, ಅವತ್ತು ಅಂಗಡೀಲಿ ನಾನು ಸುಳ್ಳು ಹೇಳ್ದೆ. ನಿಮಗೆ ಆ ಬೂದಿ ಬಣ್ಣದ್ದೇ ಸರಿ ಅಂತ ನಂಗೆ ಗೊತ್ತಿತ್ತು."

"ನಂಗೂ ಗೊತ್ತಾಗಿತ್ತು ಕಣಪ್ಪ. ಆ ಯಜಮಾನ್ರು ಬಾಯಿ ತೆಗೆದು ಮುಚ್ಕೊಂಡಿದ್ದು ನೋಡ್ದೆ."

"ಮತ್ಯಾಕೆ ಸುಮ್ನಿದ್ರಿ? ಬೇಡ ಅನ್ಬೋದಿತ್ತಲ್ಲ?"

ಹಿಂಡುವ ಸದ್ದು ನಿಂತಿತು. "ಜೋಳಿಗೆ ಹಿಡ್ದು ನಿಂತೋನು ಸಾರಿಗೆ ಉಪ್ಪು ಕಮ್ಮಿ ಅನ್ನಕ್ಕಾಯ್ತದೇನಪ್ಪ? ನಮ್ಮಪ್ಪನೂ ಅಂದೋರಲ್ಲ, ನಾನೂ ಅಂದೋನಲ್ಲ. ಕೊಡೋರ ಮುಖ ಅರಳಿರ್ತದೆ. ಅವತ್ತು ನಿಂದೂ ಅರಳಿತ್ತು."

ಸಿದ್ದಾರ್ಥ ಮರದ ತೊಗಟೆಯ ಮೇಲೆ ಸಾಲು ಹಿಡಿದ ಇರುವೆಗಳನ್ನು ನೋಡಿದ. "ನಾಳೇನೇ ಬದ್ಲಾಯ್ಸಿ ತಂದ್ಬುಡ್ತೀನಿ. ಯಾರ್‌ಗೂ ಗೊತ್ತಾಗಲ್ಲ."

"ಅದಾಗಲ್ಲ," ಎಂದರು ಅಯ್ಯನವರು. ಆ ದನಿಯಲ್ಲಿ ಕೋಪವಿರಲಿಲ್ಲ. "ಇದು ನೀನೊಬ್ನೇ ಕೊಟ್ಟಿದ್ದಲ್ಲ. ಎಲ್ಲಾ ಮನೆಯೋರೂ ಸೇರಿ ಕೊಟ್ಟಿದ್ದು. ಬದ್ಲಾಯಿಸೋದಾದ್ರೆ ಅವರನ್ನ ಕೇಳು. ನಾಳೆ ಸೋಮವಾರ, ಪೂಜೆಗೆ ಎಲ್ಲಾರೂ ಬರ್ತಾರೆ."

ಸೋಮವಾರ ಸಿದ್ದಾರ್ಥ ರಜೆ ಹಾಕಿ ಊರಲ್ಲೇ ಉಳಿದ. ಹೇಳಬೇಕಾದ ಮಾತನ್ನು ರಾತ್ರಿಯೆಲ್ಲ ಬಾಯಲ್ಲಿ ಆಡಿ ನೋಡಿದ್ದ. ಮಾತು ದೊಡ್ಡದೇನಲ್ಲ: ನನಗೆ ಗೊತ್ತಿತ್ತು, ನೀವು ಹೊಗಳಲಿ ಎಂದು ಬೇರೆಯದನ್ನು ತಂದೆ. ಮಠದ ಮನೆಯ ಜಗಲಿಯಲ್ಲಿ ಪೂಜೆ ಮುಗಿದು ಎಲ್ಲರಿಗೂ ಬಾಳೆಹಣ್ಣು ಸಿಕ್ಕಿದ ಮೇಲೆ ಅವನು ಎದ್ದು ನಿಂತ. ಅಯ್ಯನವರು ಕಂಬದ ಬುಡದಲ್ಲಿ ಕುಳಿತಿದ್ದರು.

"ಅಯ್ನೋರ ಸೈಕಲ್ ಬದ್ಲಾಯಿಸ್ಬೇಕು," ಎಂದ ಸಿದ್ದಾರ್ಥ.

ಮರುಳಪ್ಪ ಹಣ್ಣಿನ ಸಿಪ್ಪೆ ಕೈಯಲ್ಲೇ ಹಿಡಿದು ಕೇಳಿದ. "ಯಾಕ್ಲಾ? ಏನಾಗೈತೆ ಅದಕ್ಕೆ? ಒಳ್ಳೆ ಕುದುರೆ ಹಂಗೈತೆ."

"ಮಡ್ಗಾರ್ಡ್ ಇಲ್ಲ. ಮಳೇಲಿ ಆಗ್ತಿಲ್ಲ."

ಕುಳಿತಿದ್ದವರು ಒಬ್ಬರ ಮುಖವನ್ನೊಬ್ಬರು ನೋಡದೆ ತಮ್ಮ ತಮ್ಮ ಕೈಯಲ್ಲಿನ ಹಣ್ಣು ನೋಡಿದರು. ಅಲ್ಲಿದ್ದ ಅರ್ಧ ಜನ ಅವತ್ತು ಅವನ ಮನೆಯ ನಡುಮನೆಯಲ್ಲಿದ್ದವರು.

"ಅಲ್ಲ ಕಣ್ಲಾ, ತರಾವಾಗ್ಲೇ ನೋಡ್ಬಾರ್ದಿತ್ತಾ? ನಿಂಗೆ ಎಲ್ಲಾ ಗೊತ್ತು ಅಂತಾನೇ ಕಳ್ಸಿದ್ದು," ಎಂದ ಮರುಳಪ್ಪ.

ಬಾಯಲ್ಲಿ ಆಡಿ ನೋಡಿದ್ದ ಮಾತು ಗಂಟಲಿನವರೆಗೆ ಬಂತು. ಎಲ್ಲ ಮುಖಗಳೂ ಅವನ ಕಡೆಗೆ ತಿರುಗಿದ್ದವು. ಅಲ್ಲಿ ಮುಖ ಮುಚ್ಚಲು ಮರವಿರಲಿಲ್ಲ. "ಅಂಗಡಿಯೋನು," ಎಂದು ಸಿದ್ದಾರ್ಥನ ನಾಲಿಗೆ ಹೇಳಿತು, "ಅಂಗಡಿಯೋನು ಇದೇ ಸರಿ ಅಂತ ಹೇಳಿ ಸಾಗ್ಹಾಕ್ಬುಟ್ಟ."

ಜಗಲಿಯೇ ಉಸಿರು ಬಿಟ್ಟಂತಾಯಿತು. "ಅಂಗನ್ನು ಮತ್ತೆ!" ಎಂದ ಮರುಳಪ್ಪ. "ಪ್ಯಾಟೆಯೋರು ಎಲ್ರೂ ಅಂಗೇ ಬುಡು. ಅಯ್ನೋರು ಅಂತ ಕೂಡ ನೋಡ್ಲಿಲ್ವಲ್ಲ. ನಮ್ ಸೊಸೆ ಶಶಿರೇಖಾ ತನ್ ಮಗಳಿಗೆ ಸೈಕಲ್ ಬೇಕು ಅಂತಿದ್ಲು, ಆ ಅಂಗಡಿ ಕಡೆ ತಲೆ ಹಾಕ್ಬ್ಯಾಡ ಅಂತೀನಿ." ಆಮೇಲೆ ಎಲ್ಲರಿಗೂ ತಮಗೆ ಯಾವ ಯಾವ ಅಂಗಡಿಯಲ್ಲಿ ಮೋಸವಾಗಿತ್ತೆಂಬುದು ನೆನಪಾಯಿತು. ನಗು, ಬೈಗುಳ ಬೆರೆತು ಮಾತು ಬೆಳೆಯಿತು. ಬದಲಾಯಿಸಲು ಎಲ್ಲರೂ ಒಪ್ಪಿದರು.

ಸಿದ್ದಾರ್ಥ ಕಂಬದ ಬುಡದ ಕಡೆ ನೋಡಲಿಲ್ಲ. ನೋಡದಿದ್ದರೂ ಅಯ್ಯನವರು ಅಲ್ಲಿ ಸುಮ್ಮನೆ ಕುಳಿತಿದ್ದಾರೆಂಬುದು ಅವನ ಇಡೀ ಎಡಮೈಗೆ ತಿಳಿಯುತ್ತಿತ್ತು.

ತುಮಕೂರಿನಲ್ಲಿ ಗೋವಿಂದರಾಜು ಕೆಂಪು ಸೈಕಲ್ಲಿನ ಕೆಸರು ಒರೆಸಿ, ಚೈನು ತಿರುಗಿಸಿ ನೋಡಿ, "ಏನೂ ಆಗಿಲ್ಲ ಸಾರ್, ಬದ್ಲಾಯಿಸ್ಕೊಡ್ತೀನಿ," ಎಂದ. ಅವನು ಬೇಡವೆನ್ನಲಿ, ಜಗಳವಾಗಲಿ ಎಂದೇ ಸಿದ್ದಾರ್ಥ ಬಯಸಿದ್ದನೆಂದು ಸುಬ್ಬಲಕ್ಷ್ಮಮ್ಮನ ಮಾತು. ಜಗಳವಾಗಿದ್ದರೆ ಅವನ ಸುಳ್ಳಿಗೆ ತುಸುವಾದರೂ ಆಸರೆ ಸಿಗುತ್ತಿತ್ತು. ಗೋವಿಂದರಾಜು ಬೂದು ಸೈಕಲ್ಲಿಗೆ ಮುಂದೆ ಹಿಂದೆ ಉದ್ದನೆಯ ಮಡ್ಗಾರ್ಡು ಬಿಗಿದ. ಅದರ ತುದಿಗೆ ರಬ್ಬರಿನ ನಾಲಿಗೆ ಸೇರಿಸಿದ. ಕ್ಯಾರಿಯರು ಕೂರಿಸಿ ಅಲುಗಾಡಿಸಿ ನೋಡಿದ. ಕಡೆಗೆ ಒಳಗಿನಿಂದ ಒಂದು ಹಿತ್ತಾಳೆಯ ಗಂಟೆ ತಂದು ಹ್ಯಾಂಡಲ್ಲಿಗೆ ಹಾಕಿದ. "ಇದು ನನ್ ಕಡೆಯಿಂದ ಅಯ್ನೋರ್‌ಗೆ. ಅವತ್ತೇ ನಾನು ಒಂದ್ ಮಾತು ಹೇಳ್ಬೇಕಿತ್ತು ಸಾರ್. ನೀವು ಬೇಜಾರ್ ಮಾಡ್ಕೊಂತೀರ ಅಂತ ಸುಮ್ನಾದೆ. ತಪ್ಪು ನಂದೂ ಐತೆ."

"ಇಲ್ಲ, ಇಲ್ಲ," ಎಂದ ಸಿದ್ದಾರ್ಥ.

ಸೈಕಲ್ಲನ್ನು ಗುಬ್ಬಿಯವರೆಗೆ ಲಗೇಜು ಆಟೋದಲ್ಲಿ ಹಾಕಿಕೊಂಡು ಬಂದು, ಅಲ್ಲಿಂದ ಮುಂದೆ ತಾನೇ ತುಳಿದ. ದಾರಿಯಲ್ಲಿ ಸೋನೆ ಹಿಡಿಯಿತು. ಡಾಂಬರು ಬಿಟ್ಟು ಏರಿಗೆ ಹತ್ತಿದ ಮೇಲೂ ಸೈಕಲ್ಲು ಜಗ್ಗಲಿಲ್ಲ, ಕುಣಿಯಲಿಲ್ಲ. ಕೆಸರು ಮಡ್ಗಾರ್ಡಿನ ಒಳಗೇ ಸಿಡಿದು ಒಳಗೇ ಇಳಿಯಿತು. ಊರು ಮುಟ್ಟಿ ಇಳಿದಾಗ ಅವನ ಬಿಳಿಯ ಅಂಗಿಯ ಬೆನ್ನಿನ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ.

ಮಠದ ಮನೆಯ ಮುಂದೆ ಮರುಳಪ್ಪ, ಇನ್ನೂ ಕೆಲವರು ಕಾದಿದ್ದರು. ಅಯ್ಯನವರು ಹೊರಗೆ ಬಂದು ಹಿಂದಿನ ಮಡ್ಗಾರ್ಡಿನ ಮೇಲೆ ಅಂಗೈ ಸವರಿದರು. "ಚೆನ್ನಾಗೈತೆ ಕಣಪ್ಪ," ಎಂದರು. ಕೆಂಪು ಸೈಕಲ್ಲಿಗೂ ಅದೇ ದನಿಯಲ್ಲಿ ಅದೇ ಮಾತು ಹೇಳಿದ್ದರು. ಯಾವುದು ನಿಜಕ್ಕೂ ಚೆನ್ನಾಗಿದೆ, ಯಾವುದು ಅಲ್ಲ ಎಂದು ಅವರ ಬಾಯಿಂದ ತನಗೆ ಇನ್ನೆಂದೂ ತಿಳಿಯುವುದಿಲ್ಲವೆಂದು ಸಿದ್ದಾರ್ಥನಿಗೆ ಅನಿಸಿತು.

ಅವರ ಬೆರಳು ಗಂಟೆಗೆ ತಾಗಿ ಅದು ಟಿಣ್ಣೆಂದಿತು. "ಇದೂ ಊರಿನೋರು ಕೊಟ್ಟಿದ್ದಾ?"

"ಇಲ್ಲ ಅಯ್ನೋರೇ. ಅಂಗಡಿಯೋರು, ತಮ್ಮ ಕಡೆಯಿಂದ."

"ಹ್ಞೂ, ಕೊಡ್ದೆ ಏನ್ಮಾಡ್ತಾನೆ!" ಎಂದು ಮರುಳಪ್ಪ ನಕ್ಕ. "ಮಾಡಿದ್ ಮೋಸಕ್ಕೆ ಗಂಟೆ ಹೊಡ್ದು ಒಪ್ಕಂಡವ್ನೆ ನೋಡ್ರಲಾ!"

ಎಲ್ಲರೂ ನಕ್ಕರು. ಸಿದ್ದಾರ್ಥನ ತುಟಿಯೂ ನಗುವವರ ಜೊತೆ ತುಸು ಅಗಲವಾಯಿತು. ಅಯ್ಯನವರು ನಗಲಿಲ್ಲ. "ಆ ಯಜಮಾನ್ರ ಹೆಸರೇನಪ್ಪ?" ಎಂದು ಕೇಳಿದರು.

"ಗೋವಿಂದರಾಜು."

ಅಯ್ಯನವರು ಒಳಗೆ ಹೋದರು. ಹಾಳೆಯ ತುಂಡಿನಲ್ಲಿ ವಿಭೂತಿ ಕಟ್ಟಿ ತಂದು, ಎಲ್ಲರೂ ನೋಡುತ್ತಿದ್ದಂತೆ ಸಿದ್ದಾರ್ಥನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ತಾವೇ ಮಡಿಚಿದರು. "ಗೋವಿಂದರಾಜು ಅವರಿಗೆ ಕೊಡು. ನಾನು ಕೊಟ್ಟೆ ಅಂತ ಹೇಳು. ಅವರ ಕೈಗೇ ಕೊಡ್ಬೇಕು." ಅಷ್ಟೇ ಹೇಳಿ, ಜೋಳಿಗೆ ಹೆಗಲಿಗೇರಿಸಿ, ಬೂದು ಸೈಕಲ್ಲು ಹತ್ತಿ ಸೋನೆಯಲ್ಲೇ ಯಾರದೋ ಮನೆಯ ಕಾರ್ಯಕ್ಕೆ ಹೊರಟರು.

ಮಾರನೆಯ ಬೆಳಗ್ಗೆ ಸಿದ್ದಾರ್ಥ ತುಮಕೂರಿನ ಬಸ್ಸು ಹತ್ತಿದ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಸ್ಸು ಗುಬ್ಬಿ ದಾಟುವವರೆಗೂ ಅವನು ಎಡಗೈಯನ್ನು ವಿಭೂತಿಯ ಪೊಟ್ಟಣವಿದ್ದ ಅಂಗಿಯ ಜೇಬಿನ ಮೇಲೆ ಇಟ್ಟುಕೊಂಡೇ ಕುಳಿತಿದ್ದನೆಂದು ಅದೇ ಬಸ್ಸಿನಲ್ಲಿ ಸಂತೆಗೆ ಹೊರಟಿದ್ದ ಚಿಕ್ಕರಂಗಯ್ಯ ನೋಡಿದ್ದನಂತೆ. ಎದೆನೋವೇನಪ್ಪ ಎಂದು ಕೇಳಿದಾಗಲೇ ಸಿದ್ದಾರ್ಥ ಇಷ್ಟನ್ನೂ ಹೇಳಿದ್ದು.

ಸುಬ್ಬಲಕ್ಷ್ಮಮ್ಮ ಇಲ್ಲಿಗೆ ನಿಲ್ಲಿಸಿದರು. ಕೈಯಲ್ಲಿದ್ದ ಕಾಯಿಯ ಚಿಪ್ಪು ಬಿರಿದಿತ್ತು. ಒಳಗಿನ ಗಿಟುಕನ್ನು ಬಿಡಿಸಿ ರಾಶಿಗೆ ಹಾಕಿದರು.

"ಕೊಟ್ನಾ ಅಕ್ಕ?" ಎಂದು ಕೇಳಿದಳು ಸುಶ್ಮಿತಾ, ಪಕ್ಕದ ಮನೆಯ ಸೊಸೆ. "ಆ ಅಂಗಡಿಯೋರ್‌ಗೆ ನಿಜ ಹೇಳಿ ಕೊಟ್ನಾ?"

"ತುಮಕೂರಿನಾಗೆ ಏನ್ ಮಾಡುದ್ನೋ ನಾನೇನ್ ಕಂಡೆ. ನಮ್ಮನೆಯೋರು ಸಂತೆ ತಾವ ಇಳ್ಕಂಡ್ರು."

"ನಿಮ್ಮನೆಯೋರು ಆಮೇಲಾದ್ರೂ ಕೇಳ್ಬಾರ್ದಿತ್ತಾ?"

"ಅದನ್ನ ಯಾರ್ ಕೇಳ್ತಾರೆ ಬುಡೇ," ಎಂದರು ಸುಬ್ಬಲಕ್ಷ್ಮಮ್ಮ.

ಎದುರು ಮನೆಯ ಬಾಗಿಲಲ್ಲಿ ಶಿವರುದ್ರಮ್ಮ ದೀಪ ಹಚ್ಚಿಟ್ಟು ಒಳಗೆ ಹೋದರು. ಮಡಿಲಿನಲ್ಲಿದ್ದ ಚಿಪ್ಪಿನ ಚೂರುಗಳನ್ನು ಅಂಗಳಕ್ಕೆ ಕೊಡವಿ, ಮರಗಟ್ಟಿದ ಕಾಲು ನೀವಿಕೊಳ್ಳುತ್ತ ಹೆಂಗಸರು ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಮನೆಗೆ ಹೊರಟರು.